ಹಾಯಿಕಂಬ ನಿಲ್ಲಿಸುವ ಮುನ್ನ

ಅಂಬಿಗರ ಚೌಡಯ್ಯನವರ ಹೆಸರನ್ನು ಅರಿಯದ ಶರಣ ಕುಟುಂಬ ನಮ್ಮ ನಾಡಿನಲ್ಲಿ ಇರಲಾರದು. ದೋಣಿ ನಡೆಸುವ ಕಾಯಕದಿಂದಲೇ ಹೆಸರಾದ ಆ ಶರಣರನ್ನು ನೆನೆಯುವ ನಮಗೆ ದೋಣಿಯ ಪರಿಚಯ ಮಾತ್ರ ತೀರ ಕಡಿಮೆ. ಗಂಡಸಿಯ ಸುತ್ತ ಇರುವುದು ತೆಂಗಿನ ತೋಟ, ರಾಗಿಯ ಹೊಲ, ಮಳೆ ಬಂದರೆ ತುಂಬುವ ಕೆರೆ. ಹೀಗಿರಲು, ಬಂಧುಗಳ ಮನೆಯ ಮದುವೆಗೆಂದು ಮೈಸೂರಿನ ಕಡೆ ಹೋಗಿದ್ದಾಗ ಕೃಷ್ಣರಾಜಸಾಗರದ ಹಿನ್ನೀರಿನ ದಡದಲ್ಲಿ ಒಂದು ಪುಟ್ಟ ಹಾಯಿದೋಣಿಗೆ ಕಂಬ ನಿಲ್ಲಿಸುವುದನ್ನು ಕಣ್ಣಾರೆ ಕಂಡೆವು.

ದೋಣಿ ಬಂದದ್ದು ಕಾರಿನ ಹಿಂದೆ, ಎರಡು ಗಾಲಿಯ ಟ್ರೇಲರಿನ ಮೇಲೆ. ಅದರ ಮೇಲೆ ಉದ್ದುದ್ದಕ್ಕೆ ಮಲಗಿಸಿ ಕಟ್ಟಿದ್ದ ಅಲ್ಯೂಮಿನಿಯಂ ಕಂಬವು 22 ಅಡಿಯಷ್ಟಿತ್ತು. ಹಳಗನ್ನಡದವರು ಇದನ್ನೇ ಕೂವೆಮರವೆಂದರು. ಕಟ್ಟು ಬಿಚ್ಚಲು ನಾವು ಕೈ ಚಾಚಿದಾಗ ದೋಣಿಯ ಯಜಮಾನರು ತಡೆದು, "ಸ್ವಾಮಿ, ಮೊದಲು ಮೇಲೆ ನೋಡಿ" ಎಂದರು. ಆಕಾಶವಲ್ಲದೆ ಮತ್ತೇನೂ ಕಾಣಲಿಲ್ಲ. "ಅದೇ ಬೇಕಾದದ್ದು" ಎಂದು ನಕ್ಕು ಕೆಲಸಕ್ಕೆ ತೊಡಗಿದರು.

ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟರು. ಕಂಬದ ಬುಡವನ್ನು ದೋಣಿಯ ನಡುವಿನ ತಿರುಗಣಿಗೆ ಕೂಡಿಸಿ, ಬಾಗಿಲಿನ ಕೀಲಿನಂತೆ ಒಂದು ಬೋಲ್ಟು ತೂರಿಸಿದರು. ತುದಿ ಹಿಂಬದಿಯ ಕವೆಗೋಲಿನ ಮೇಲೆ ಒರಗಿತ್ತು. ಎಡಬಲದ ಉಕ್ಕಿನ ತಂತಿಗಳನ್ನು ಸಡಿಲವಾಗಿಯೇ ಸಿಕ್ಕಿಸಿದರು. ಇವಿಲ್ಲದಿದ್ದರೆ ಏಳುವ ಕಂಬ ಪಕ್ಕಕ್ಕೆ ವಾಲಿ ಬುಡದ ಕೀಲನ್ನೇ ಮುರಿದೀತು. ಎಷ್ಟೋ ಅನಾಹುತಗಳು ಈ ಪಕ್ಕದ ವಾಲಿಕೆಯಿಂದಲೇ ಆಗುತ್ತವೆಯಂತೆ.

ಮುಂಬದಿಯಿಂದ ಹಗ್ಗ ಹಿಡಿದು ಎಳೆದರೆ ಕಂಬ ಏಳಬೇಕಲ್ಲ ಎಂದು ನಾವು ಭಾವಿಸಿದ್ದೆವು. ಅದು ತಪ್ಪು. ಮಲಗಿದ ಕಂಬದ ತುದಿಗೆ ಕಟ್ಟಿದ ಹಗ್ಗವು ಕಂಬದ ಮೈಗುಂಟವೇ ಸಾಗುವುದರಿಂದ, ಎಳೆತವೆಲ್ಲ ಬುಡವನ್ನು ಒತ್ತುವುದಕ್ಕೇ ವ್ಯಯವಾಗುತ್ತದೆ. 20 ಕಿಲೋ ತೂಕದ ಕಂಬದ ತುದಿಯನ್ನು ಕೈಯಿಂದ ನೇರ ಮೇಲೆತ್ತಲು 10 ಕಿಲೋ ಬಲ ಸಾಕು. ಹಗ್ಗಕ್ಕೂ ಕಂಬಕ್ಕೂ ನಡುವೆ 10 ಡಿಗ್ರಿ ಕೋನವಷ್ಟೇ ಇದ್ದರೆ ಅದೇ ಕೆಲಸಕ್ಕೆ ಸುಮಾರು 58 ಕಿಲೋ ಬಲದಿಂದ ಎಳೆಯಬೇಕು! ಆದುದರಿಂದ ಅವರು ಬುಡದ ಬಳಿ ಆರಡಿಯ ಇನ್ನೊಂದು ಕೋಲನ್ನು ಕಂಬಕ್ಕೆ ಲಂಬವಾಗಿ ನಿಲ್ಲಿಸಿ, ಹಗ್ಗವನ್ನು ಅದರ ತುದಿಯ ಮೇಲಿಂದ ಹಾಯಿಸಿದರು. ಕೋನ ಹಿಗ್ಗಿತು, ಎಳೆತ ಹಗುರವಾಯಿತು. ಮಗ ಹಿಂದಿನಿಂದ ಹೆಗಲು ಕೊಟ್ಟ, ತಂದೆ ಮುಂದಿನಿಂದ ಹಗ್ಗ ಎಳೆದರು. ಕಂಬ ನೆಟ್ಟಗಾದೊಡನೆ ಮುಂದಣ ತಂತಿಗೆ ಗೂಟ ಹಾಕಿ, ತಿರುಪುಗಳನ್ನು ಬಿಗಿದರು. ಅಷ್ಟರವರೆಗೆ ಯಾರೂ ಕೈ ಬಿಡಲಿಲ್ಲ, ಮಾತನ್ನೂ ಆಡಲಿಲ್ಲ.

ನಮಗೆ ನೆನಪಾದದ್ದು ನಂದಿಕೋಲು. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ವೇಳೆಗೆ ನಡೆಯುವ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಮೈಸೂರು ದಸರೆಯ ಜಂಬೂಸವಾರಿಗೆ ಮೊದಲು ಪೂಜೆ ಸಲ್ಲುವುದೂ ನಂದಿಧ್ವಜಕ್ಕೆ. ಅಲ್ಲಿ ಉಕ್ಕಿನ ತಂತಿಯ ಆಸರೆಯಿಲ್ಲ. ಹೊತ್ತವನ ಸೊಂಟವೇ ತಿರುಗಣಿ, ಅವನ ಹೆಜ್ಜೆಯೇ ಬಿಗಿತ. ಆದರೆ ಮೇಲೆ ನೋಡಬೇಕೆಂಬ ಮಾತು ಎರಡಕ್ಕೂ ಒಂದೇ.

ಆ ಮಾತಿನ ಅರ್ಥವನ್ನು ಯಜಮಾನರು ಆಮೇಲೆ ಬಿಡಿಸಿ ಹೇಳಿದರು. ಹಾಯಿದೋಣಿಯವರಲ್ಲಿ ಸಾವುಗಳು ನೀರಿನಲ್ಲಿ ಮಾತ್ರ ಆಗುವುದಿಲ್ಲ. ದಡದಲ್ಲಿ ಕಂಬ ಎತ್ತುವಾಗ, ಎತ್ತಿದ ಕಂಬದೊಡನೆ ಟ್ರೇಲರನ್ನು ನೀರಿನೆಡೆಗೆ ತಳ್ಳುವಾಗ, ತಲೆಯ ಮೇಲಿನ ವಿದ್ಯುತ್ ತಂತಿ ತಗುಲಿಯೂ ಆಗುತ್ತವೆ. ನಮ್ಮ ವಿದ್ಯುತ್ ಸುರಕ್ಷತಾ ನಿಯಮಗಳು 11,000 ವೋಲ್ಟಿನ ಬರಿಯ ತಂತಿಗೆ ವಿಧಿಸಿರುವ ಕನಿಷ್ಠ ಎತ್ತರ ರಸ್ತೆಗೆ ಅಡ್ಡಲಾಗಿ 6.1 ಮೀಟರ್, ರಸ್ತೆಯ ಉದ್ದಕ್ಕೆ 5.8 ಮೀಟರ್, ಹೊಲ ತೋಟಗಳಲ್ಲಿ 4.6 ಮೀಟರ್, ಎಂದರೆ ಬರಿಯ 15 ಅಡಿ. ಹಳೆಯ ತಂತಿ ಜೋತುಬಿದ್ದರೆ ಅದೂ ಉಳಿಯದು. 22 ಅಡಿಯ ಕಂಬಕ್ಕೆ ಟ್ರೇಲರಿನ ಎತ್ತರವನ್ನೂ ಕೂಡಿಸಿ ನೋಡಿರಿ.

ದೋಣಿಯಿಲ್ಲದ ಊರಿಗೆ ಈ ಲೆಕ್ಕವೇಕೆ ಎನ್ನಬೇಡಿರಿ. ನಮ್ಮ ಮನೆಮನೆಯಲ್ಲೂ ಕಾಯಿ ಕೀಳುವ ದೋಟಿಯುಂಟು. ಬಿದಿರಿನದು ಭಾರವೆಂದು ಅಲ್ಯೂಮಿನಿಯಂ ದೋಟಿ ತಂದವರೂ ಇದ್ದೇವೆ. ನಮ್ಮ ದಾಯಾದಿಗಳ ಮನೆಯ ತರುಣನೊಬ್ಬ ಅಂತಹ ದೋಟಿ ಹಿಡಿದೇ ತೋಟದಲ್ಲಿ ತೀರಿಹೋದ. ಅವನ ಕಣ್ಣು ಗೊನೆಯ ಮೇಲಿತ್ತು, ತಂತಿ ಹಿಂದಿತ್ತು. ಅಡಕೆ ಸೀಮೆಯಲ್ಲಿ ಬಳಕೆಗೆ ಬಂದಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿಯನ್ನು ಲೋಹವಲ್ಲವೆಂದು ನಂಬುವವರಿದ್ದಾರೆ. ಅದೂ ವಿದ್ಯುತ್ತನ್ನು ಹರಿಸುತ್ತದೆ. ಹಸಿ ಬಿದಿರೂ ಹರಿಸುತ್ತದೆ. ಜಾತ್ರೆಯಲ್ಲಿ ತೇರಿಗೆ ದಾರಿ ಮಾಡಲು ಗಳುವಿನಿಂದ ತಂತಿ ಎತ್ತಿ ಹಿಡಿಯುವ ಹುಡುಗರನ್ನು ಹಿರಿಯರು ಮೆಚ್ಚಬಾರದು, ಇಳಿಸಬೇಕು. ಉತ್ಸವ ಸಮಿತಿಯವರು ಮುಂಚಿತವಾಗಿ ವಿದ್ಯುತ್ ಕಚೇರಿಗೆ ಪತ್ರ ಕೊಟ್ಟು ಆ ಹೊತ್ತಿಗೆ ಲೈನ್ ನಿಲ್ಲಿಸಿಕೊಳ್ಳುವುದೇ ದಾರಿ. ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಕರೆ ಮಾಡಬಹುದು.

ಊರಿಗೆ ಬಂದವರೇ ನಮ್ಮ ತೋಟದಲ್ಲಿ ತಲೆಯೆತ್ತಿ ನಡೆದೆವು. ಮೂರನೆಯ ಸಾಲಿನ ಮೇಲೆ ತಂತಿ ಹಾದಿದೆ. ಇಷ್ಟು ವರ್ಷ ಅದರಡಿಯಲ್ಲೇ ದೋಟಿ ಆಡಿಸಿದ್ದೆವು. ಈಗ ಆ ಸಾಲಿನ ನಾಲ್ಕು ಮರಗಳಿಗೆ ದೋಟಿ ಹಾಕುವುದಿಲ್ಲ. ಕಾಯಿ ಬಲಿತು ತಾನಾಗಿ ಬಿದ್ದಾಗ ಆರಿಸಿ ಅಟ್ಟಕ್ಕೆ ಹಾಕುತ್ತೇವೆ. ಕೊಬ್ಬರಿಗೆ ಅದೇ ಒಳ್ಳೆಯದು.