ಹುಣಸೆ ನೆರಳೋ, ಉಪಗ್ರಹವೋ

ಏಪ್ರಿಲ್ ಕೊನೆಯ ಬಿಸಿಲಲ್ಲಿ ರಾಯದುರ್ಗ ಸೀಮೆಯ ರಸ್ತೆ ಹಿಡಿದವರು ಗಾಡಿ ನಿಲ್ಲಿಸಲು ಹುಡುಕುವುದು ಒಂದನ್ನೇ, ಹುಣಸೆ ಮರವನ್ನು. ಅಮೆರಿಕದಿಂದ ಬಂದಿದ್ದ ನನ್ನ ಅಕ್ಕನ ಮಗ ಮಾತ್ರ ಮರ ಕಂಡರೆ ಹಿಂಜರಿಯುತ್ತಿದ್ದ. “ಇಲ್ಲಿ ಬೇಡ ಮಾಮ, ಇನ್ನೊಂದು ಸ್ವಲ್ಪ ಮುಂದೆ ಬಯಲಲ್ಲಿ ನಿಲ್ಲಿಸೋಣ” ಅನ್ನುತ್ತಿದ್ದ. ಹೊರಗೆ ನಲವತ್ತು ಡಿಗ್ರಿ. ಮಕ್ಕಳಿಗೆ ರಾಯದುರ್ಗದ ಕೋಟೆ ಬೆಟ್ಟ, ಹೇಮಾವತಿಯಲ್ಲಿರುವ ನೊಳಂಬರ ಗುಡಿಗಳನ್ನು ತೋರಿಸಬೇಕೆಂದು ಬೆಂಗಳೂರಿನಿಂದ ಕ್ಯಾರವಾನ್ ಬಾಡಿಗೆಗೆ ತಂದಿದ್ದ. ಅಲ್ಲಿ ಅವನಿಗೆ ಸ್ವಂತದ್ದೇ ಒಂದು ಮೋಟರ್‌ಹೋಮ್ ಇದೆ, ಅದರ ನೆತ್ತಿಯ ಮೇಲೊಂದು ಚಪ್ಪಟೆ ಡಿಶ್ ಇದೆ, ಮರ ಅಡ್ಡ ಬಂದರೆ ಅದರ ಇಂಟರ್ನೆಟ್ ಕಡಿದುಹೋಗುತ್ತದೆ. ನಮ್ಮ ಬಾಡಿಗೆ ಗಾಡಿಗೆ ಡಿಶ್ಶೇ ಇರಲಿಲ್ಲ. ಅಭ್ಯಾಸ ಮಾತ್ರ ಸಾಗರ ದಾಟಿ ಬಂದಿತ್ತು.

ಆ ಅಭ್ಯಾಸದ ಬೆನ್ನು ಹತ್ತಿ ಹೋದರೆ ಸೊಗಸಾದ ಭೌತವಿಜ್ಞಾನ ಸಿಗುತ್ತದೆ. ಅದಕ್ಕೆ ನಾವು ಹೋದ ದಾರಿಯೂ ಹೇಳಿ ಮಾಡಿಸಿದಂಥದ್ದು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡದ ಮೇಲೆ ಮಡಕಶಿರಾಕ್ಕೆ ಹೋದರೆ ಮೊದಲು ಆಂಧ್ರ, ನಡುವೆ ಕರ್ನಾಟಕ, ಕೊನೆಗೆ ಮತ್ತೆ ಆಂಧ್ರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಫೋನು ಕೂಡ ಈ ಗೆರೆಗಳನ್ನೆಲ್ಲ ಲೆಕ್ಕಕ್ಕಿಟ್ಟುಕೊಂಡೇ ಬರುತ್ತದೆ: ಒಂದು ಟವರ್ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತದೆ, ರಾಜ್ಯ ದಾಟಿ ಟೆಲಿಕಾಂ ವೃತ್ತ ಬದಲಾದಾಗ ಸ್ವಾಗತದ ಸಂದೇಶ ಬರುತ್ತದೆ, ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಏನೂ ಬರುವುದಿಲ್ಲ.

ಗಾಡಿಯ ನೆತ್ತಿಯ ಮೇಲೆ ಡಿಶ್ ನಮ್ಮವರಿಗೆ ಹೊಸದಲ್ಲ. ಚುನಾವಣೆ ಬಂದರೆ, ಕೆರೆ ಕೋಡಿ ಒಡೆದರೆ ಟೀವಿಯವರ ಓಬಿ ವ್ಯಾನು ಬರುತ್ತದೆ. ನಿಂತ ಮೇಲೆ ಅದರ ಡಿಶ್ ಮಡಿಕೆ ಬಿಚ್ಚಿ ಏಳುತ್ತದೆ, ಅತ್ತಿತ್ತ ತಡಕಾಡಿ ಒಂದು ಕಡೆಗೆ ಮುಖ ಮಾಡಿ ಕೂರುತ್ತದೆ. ಅದು ನೋಡುವುದು ಸಮಭಾಜಕದ ನೆತ್ತಿಯಲ್ಲಿ 35,786 ಕಿ.ಮೀ. ಎತ್ತರದ ಉಪಗ್ರಹವನ್ನು. ಆ ಎತ್ತರದಲ್ಲಿ ಒಂದು ಸುತ್ತಿಗೆ ಭೂಮಿ ತಿರುಗುವಷ್ಟೇ ಹೊತ್ತು ಬೇಕು, ಹಾಗಾಗಿ ಉಪಗ್ರಹ ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ. ಒಮ್ಮೆ ಗುರಿ ಸಿಕ್ಕರೆ ಸಾಕು. ಆದರೆ ಗಾಡಿ ಹೊರಟಿತೋ, ಗುರಿ ಹೋಯಿತು. ಇನ್ನೊಂದು ತೊಡಕು ದೂರದ್ದು. ಬೆಳಕಿನ ವೇಗದಲ್ಲೇ ಹೋದರೂ ನಮ್ಮ ಮಾತು ಮೇಲೆ ಹತ್ತಿ ಕೆಳಗಿಳಿಯಲು ಕಾಲು ಸೆಕೆಂಡು, ಉತ್ತರ ಬರಲು ಮತ್ತೆ ಕಾಲು ಸೆಕೆಂಡು. ಸುದ್ದಿ ವಾಚಕಿ ಕೇಳಿದ ಪ್ರಶ್ನೆಗೆ ವರದಿಗಾರ ಕಿವಿಯ ತಂತಿ ಹಿಡಿದು ಸುಮ್ಮನೆ ತಲೆಯಾಡಿಸುತ್ತ ನಿಲ್ಲುತ್ತಾನಲ್ಲ, ಅದರಲ್ಲಿ ಒಂದು ಪಾಲು ಈ ದೂರದ್ದು. 2024ರ ನವೆಂಬರ್‌ನಲ್ಲಿ ಹಾರಿದ ನಮ್ಮ ಜಿಸ್ಯಾಟ್-ಎನ್2 ಸೆಕೆಂಡಿಗೆ 48 ಗಿಗಾಬಿಟ್ ಹೊರಬಲ್ಲ ದೊಡ್ಡ ಉಪಗ್ರಹ. ಆದರೂ ಈ ಅರ್ಧ ಸೆಕೆಂಡನ್ನು ಅದಕ್ಕೂ ತಪ್ಪಿಸಲಾಗದು.

ಅಳಿಯನ ಡಿಶ್ ನೋಡುವುದು ಬೇರೆ ಜಾತಿಯ ಉಪಗ್ರಹಗಳನ್ನು. ಅದಕ್ಕೆ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಜಾಲದ ಉಪಗ್ರಹಗಳು ಐನೂರು ಕಿ.ಮೀ. ಆಸುಪಾಸಿನ ಎತ್ತರದಲ್ಲಿವೆ. ಒನ್‌ವೆಬ್ ಎಂಬ ಇನ್ನೊಂದು ಜಾಲದವು 1,200 ಕಿ.ಮೀ.ಯಲ್ಲಿ, ಅವುಗಳಲ್ಲಿ 72 ಹಾರಿದ್ದು ಆಂಧ್ರದ್ದೇ ಆದ ಶ್ರೀಹರಿಕೋಟಾದಿಂದ, 2022ರ ಅಕ್ಟೋಬರ್‌ನಲ್ಲಿ 36, 2023ರ ಮಾರ್ಚ್‌ನಲ್ಲಿ 36. ಹತ್ತಿರವಿರುವುದರಿಂದ ಹೋಗಿಬರುವ ಹೊತ್ತು ಸೆಕೆಂಡಿನ ನೂರನೇ ಪಾಲುಗಳ ಲೆಕ್ಕಕ್ಕೆ ಇಳಿಯುತ್ತದೆ, ವಿಡಿಯೋ ಕರೆಯಲ್ಲಿ ಮಾತಿಗೆ ಮಾತು ತಾಗುತ್ತದೆ. ಆದರೆ ಅಷ್ಟು ಕೆಳಗೆ ನಿಂತೇನೆಂದರೆ ನಿಲ್ಲಲಾಗುವುದಿಲ್ಲ. ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುತ್ತಲೇ ಇರಬೇಕು. ಒಂದು ಉಪಗ್ರಹ ಒಂದು ದಿಕ್ಕಿನಲ್ಲಿ ಮೂಡಿ ಕೆಲವೇ ನಿಮಿಷದಲ್ಲಿ ಇನ್ನೊಂದು ದಿಕ್ಕಿಗೆ ಮುಳುಗುತ್ತದೆ, ಅಷ್ಟರಲ್ಲಿ ಮುಂದಿನದನ್ನು ಹಿಡಿದಿರಬೇಕು. ಸ್ಟಾರ್‌ಲಿಂಕ್ ಜಾಲದಲ್ಲಿ ಯಾವ ಡಿಶ್ ಯಾವ ಉಪಗ್ರಹದ ಪಾಲಿಗೆ ಎಂಬುದು ಸುಮಾರು 15 ಸೆಕೆಂಡಿಗೊಮ್ಮೆ ಹೊಸದಾಗಿ ನಿಗದಿಯಾಗುತ್ತದೆ. ಓಬಿ ವ್ಯಾನಿನ ಡಿಶ್ಶನ್ನು ಹೀಗೆ ಕುಣಿಸಿದರೆ ಒಂದು ವಾರಕ್ಕೆ ಅದರ ಕೀಲು ಸವೆದೀತು.

ಹಾಗಾದರೆ ಅಲುಗಾಡದ ಚಪ್ಪಟೆ ಹಲಗೆ ಆಕಾಶದ ತುಂಬ ಹೇಗೆ ಕಣ್ಣಾಡಿಸುತ್ತದೆ? ಉತ್ತರ ಶೇಂಗಾ ಹೊಲದಲ್ಲಿದೆ. (ರಾಯದುರ್ಗದ ಕಡೆ ಶೇಂಗಾ, ಮಡಕಶಿರಾದ ಕಡೆ ಕಡ್ಲೆಕಾಯಿ. ಜಗಳ ಬೇಡ.) ಕಳೆ ತೆಗೆಯಲು ಹತ್ತು ಹೆಂಗಸರು ಬದುವಿನ ಉದ್ದಕ್ಕೂ ಸಾಲಾಗಿ ಕೂತಿದ್ದಾರೆನ್ನಿ. ಎಲ್ಲರೂ ಒಟ್ಟಿಗೆ ಹೊರಟರೆ ಸಾಲು ನೆಟ್ಟಗೆ ಮುಂದೆ ಸರಿಯುತ್ತದೆ. ಎಡತುದಿಯವಳು ಮೊದಲು ಹೊರಟು, ಪಕ್ಕದವಳು ಒಂದು ಗಳಿಗೆ ತಡೆದು, ಅವಳ ಪಕ್ಕದವಳು ಇನ್ನೊಂದು ಗಳಿಗೆ ತಡೆದು ಹೊರಟರೆ? ಯಾರೂ ತಮ್ಮ ಸಾಲು ಬಿಟ್ಟಿಲ್ಲ, ಯಾರೂ ತಿರುಗಿಲ್ಲ, ಆದರೂ ಇಡೀ ಸಾಲು ಓರೆಯಾಗಿ ಅದರ ಮುಖ ಬಲಕ್ಕೆ ವಾಲಿರುತ್ತದೆ. ಚಪ್ಪಟೆ ಡಿಶ್ಶಿನೊಳಗೆ ಇರುವುದೂ ಇಂಥ ಸಾಲುಗಳೇ. ದೊಡ್ಡ ಮಾದರಿಯಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಆಂಟೆನಾಗಳು, ಒಂದಕ್ಕೊಂದು ಸೆಂಟಿಮೀಟರಿನ ಆಸುಪಾಸು ಅಂತರದಲ್ಲಿ. ಅವು ಹಿಡಿಯುವ 12 ಗಿಗಾಹರ್ಟ್ಜ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರು, ಅದರ ಅರ್ಧದಷ್ಟು ಈ ಅಂತರ. ಒಂದೊಂದೂ ತನ್ನ ಅಲೆಯನ್ನು ಪಕ್ಕದ್ದಕ್ಕಿಂತ ಎಳ್ಳಷ್ಟು ತಡೆದು ಬಿಟ್ಟರೆ ಎಲ್ಲ ಅಲೆಗಳೂ ಕೂಡಿ ಒಂದು ಓರೆ ಮುಖವಾಗಿ ಹೊರಡುತ್ತವೆ. ತಡೆಯುವ ಹೊತ್ತನ್ನು ಬದಲಿಸಿದರೆ ದಿಕ್ಕು ಬದಲು. ಕೀಲಿಲ್ಲ, ಮೋಟರಿಲ್ಲ, ತಿರುಗುವುದು ಲೆಕ್ಕ ಒಂದೇ. ಯುದ್ಧವಿಮಾನದ ರಡಾರಿಗೆಂದು ಕೋಟಿಗಟ್ಟಲೆ ಸುರಿದು ಬೆಳೆಸಿದ ಈ ವಿದ್ಯೆ ಅಡುಗೆಮನೆಯ ತಟ್ಟೆಯಷ್ಟು ಅಗಲಕ್ಕೆ, ಒಂದು ಕೆ.ಜಿ. ಚಿಲ್ಲರೆ ತೂಕಕ್ಕೆ ಇಳಿದದ್ದೇ ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು. ರಾಕೆಟ್ಟಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಹಲಗೆಯನ್ನು ಕೇಳುವವರಿಲ್ಲ.

ಗಾಡಿ ಓಡುವಾಗ ಏನಾಗುತ್ತದೆ ಎಂದು ಅಳಿಯನ ಕಿರಿಯ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ನಾವು ಎಣಿಸಿದಂತಿಲ್ಲ. ಕಲ್ಯಾಣದುರ್ಗದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ಹೋಗುವ ಗಾಡಿಗಿಂತ ಉಪಗ್ರಹದ ಓಟ ನಾನೂರೈವತ್ತು ಪಟ್ಟು ಹೆಚ್ಚು. ಅಷ್ಟನ್ನು ಬೆನ್ನಟ್ಟಬಲ್ಲ ಹಲಗೆಗೆ ನಮ್ಮ ವೇಗ ಆಟಕ್ಕುಂಟು ಲೆಕ್ಕಕ್ಕಿಲ್ಲ. ತೊಂದರೆ ಕೊಡುವುದು ವೇಗವಲ್ಲ, ತಿರುವು ಮತ್ತು ಗುಂಡಿ. ತಿರುವಿನಲ್ಲಿ ಗಾಡಿ ಮೂತಿ ತಿರುಗಿಸಿದ ಕ್ಷಣಕ್ಕೆ ಹಲಗೆಯ ಪಾಲಿಗೆ ಇಡೀ ಆಕಾಶವೇ ತಿರುಗಿದಂತೆ, ಗುಂಡಿಯಲ್ಲಿ ಚಕ್ರ ಇಳಿದರೆ ಆಕಾಶ ವಾಲಿದಂತೆ. ಒಳಗಿನ ಸಂವೇದಕಗಳು ಆ ವಾಲುವಿಕೆಯನ್ನು ಅಳೆದು ತಡೆಯ ಲೆಕ್ಕವನ್ನು ಆಗಿಂದಾಗಲೇ ತಿದ್ದಬೇಕು. ನಮ್ಮ ಹಳ್ಳಿ ರಸ್ತೆಗಳು ಇದಕ್ಕೆ ಕಠಿಣ ಪರೀಕ್ಷೆಯನ್ನೇ ಒಡ್ಡಿಯಾವು.

ಇನ್ನು ನಮ್ಮ ಆಕಾಶದ ವಿಷಯ. ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಸಮಭಾಜಕಕ್ಕೆ 43 ಮತ್ತು 53 ಡಿಗ್ರಿ ಓರೆಯಾದ ಕಕ್ಷೆಗಳಲ್ಲಿವೆ. ಜೋಕಾಲಿ ನೆನೆಸಿಕೊಳ್ಳಿ: ನಡುವೆ ಸರ್ರನೆ ಹಾಯುತ್ತದೆ, ಎರಡು ತುದಿಯಲ್ಲಿ ತುಸು ತಂಗುತ್ತದೆ. ಈ ಉಪಗ್ರಹಗಳೂ ಉತ್ತರದ ಆ ತುದಿಗಳಲ್ಲಿ, ಅಂದರೆ ಅಮೆರಿಕ, ಯುರೋಪಿನ ನೆತ್ತಿಯಲ್ಲಿ ಹೆಚ್ಚು ಹೊತ್ತು ಕಳೆದು ಗುಂಪುಗೂಡುತ್ತವೆ, ಮಡಕಶಿರಾ ಇರುವ 14 ಡಿಗ್ರಿ ಅಕ್ಷಾಂಶವನ್ನು ಬೇಗ ದಾಟಿಬಿಡುತ್ತವೆ. ಅಲ್ಲಿ ಕಂಡಷ್ಟು ಇಲ್ಲಿ ಕಾಣವು. ಅದರ ಮೇಲೆ ಇನ್ನೊಂದು ಕಟ್ಟಳೆ. ಆ ಮೊಳೆ ಹೊಡೆದ ಉಪಗ್ರಹಗಳ ಸಾಲು ನಮ್ಮ ಊರುಗಳಿಂದ ನೋಡಿದರೆ ದಕ್ಷಿಣಕ್ಕೆ, ತೀರಾ ಎತ್ತರದಲ್ಲಿ, ನೆಲದಿಂದ ಸುಮಾರು 73 ಡಿಗ್ರಿಯವರೆಗೆ ಏರಿದ ಕಮಾನಿನಂತೆ ಹಾದುಹೋಗುತ್ತದೆ. ನಿಮ್ಮ ಮನೆಯ ಡಿಶ್ ಟೀವಿ ನೋಡುವುದು ಅದನ್ನೇ. ಕೆಳಗಿನ ಉಪಗ್ರಹಗಳು ಆ ಹಳೆಯ ಗಿರಾಕಿಗಳಿಗೆ ಕಿರಿಕಿರಿ ಮಾಡಬಾರದೆಂಬುದು ಅಂತರರಾಷ್ಟ್ರೀಯ ನಿಯಮ, ಹಾಗಾಗಿ ಆ ಕಮಾನಿನ ಅಕ್ಕಪಕ್ಕದ ಪಟ್ಟಿಯನ್ನು ಅವು ಬಿಟ್ಟುಕೊಡಬೇಕು. ಉತ್ತರದ ದೇಶಗಳಲ್ಲಿ ಈ ಪಟ್ಟಿ ದಿಗಂತದ ಕಡೆ ಬಾಗಿರುತ್ತದೆ. ನಮಗೆ ನೆತ್ತಿಯ ಹತ್ತಿರದ ಒಳ್ಳೆಯ ಜಾಗವೇ ಮೀಸಲು.

ಸಿಟ್ಟಾಗಬೇಡಿ, ಬರಗಾಲದ ಸೀಮೆಗೆ ಒಂದು ಲಾಭವೂ ಇದೆ. ಈ ಅಲೆಗಳನ್ನು ಹೀರುವುದು ದಪ್ಪ ಮಳೆಹನಿ. ಮಲೆನಾಡಿನಲ್ಲಿ ಆಷಾಢದ ಜಡಿಮಳೆಗೆ ಟೀವಿ ಕಲ್ಲಾಗುವುದು ಅದಕ್ಕೇ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದೇ 550 ಮಿ.ಮೀ. ಆಸುಪಾಸು. ಹೊಲಕ್ಕೆ ಶಾಪವಾದದ್ದು ಡಿಶ್ಶಿಗೆ ವರ.

ಬಿಸಿಲೂ ಅರ್ಧ ವರವೇ. ಸಣ್ಣ ಮಾದರಿಯ ಹಲಗೆಗೆ 25ರಿಂದ 40 ವಾಟ್ ಬೇಕು, ದೊಡ್ಡದಕ್ಕೆ 75ರಿಂದ 100. ಹನ್ನೆರಡು ವೋಲ್ಟಿನ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೆ ಸಣ್ಣದು ರಾತ್ರಿಯೆಲ್ಲ ನಡೆದೀತು, ದೊಡ್ಡದು ಆರೆಂಟು ಗಂಟೆಗೆ ಸುಸ್ತಾದೀತು. ಮರುದಿನ ತುಂಬಿಸಲು ಸೂರ್ಯನಿದ್ದಾನೆ. 2,050 ಮೆಗಾವಾಟಿನ ಸೌರ ಉದ್ಯಾನ ಪಾವಗಡಕ್ಕೆ ಸುಮ್ಮನೆ ಬಂದದ್ದಲ್ಲ. ಆದರೆ ಅದೇ ಬಿಸಿಲು ಹಲಗೆಯನ್ನೂ ಕಾಯಿಸುತ್ತದೆ. ಅದು ತಾಳುವುದು 50 ಡಿಗ್ರಿಯವರೆಗೆ, ಕಬ್ಬಿಣದ ಮಾಡು ಮೇ ತಿಂಗಳಲ್ಲಿ ಅದನ್ನು ಮೀರುತ್ತದೆ. ನೆರಳಲ್ಲಿ ನಿಂತರೆ ಎಲೆಗಳು ಅಡ್ಡ, ಬಿಸಿಲಲ್ಲಿ ನಿಂತರೆ ಹಲಗೆ ಬೆಂದು ಆರಿಹೋಗುವ ಭಯ. ಮಡಕಶಿರಾದಲ್ಲಿ ಊರಿಗೆ ಆತುಕೊಂಡ ಬೆಟ್ಟದ ಬುಡದಲ್ಲಿ ನಿಲ್ಲಿಸಿದರೆ ಸಂಜೆಯ ನೆರಳೇನೋ ಸಿಗುತ್ತದೆ, ಆಕಾಶದ ಒಂದು ಮಗ್ಗುಲೇ ಹೋಗುತ್ತದೆ.

ಇಷ್ಟೆಲ್ಲ ಕೇಳಿ ಹಿರಿಯ ಹುಡುಗ “ಗಾಡಿ ಮೇಲೆ ಉಪಗ್ರಹದ ಕೆಲಸ ಮೊದಲು ಮಾಡಿದ್ದು ಅಮೆರಿಕದವರೇ ಅಲ್ವಾ ತಾತ?” ಅಂದ. ಮೊದಲು ಯಾರೋ ಗೊತ್ತಿಲ್ಲ, ನಮ್ಮವರ ಗಾಡಿ ನೋಡಪ್ಪ ಎಂದು ಎತ್ತಿನ ಗಾಡಿಯ ಫೋಟೋ ತೋರಿಸಿದೆ. 1981ರ ಜೂನ್ 19ರಂದು ಹಾರಿದ ನಮ್ಮ ಆ್ಯಪಲ್ ಉಪಗ್ರಹವನ್ನು ಅದಕ್ಕೂ ಮೊದಲು ಆಂಟೆನಾ ಪರೀಕ್ಷೆಗೆ ಬಯಲಿನಲ್ಲಿ ಎತ್ತಿನ ಗಾಡಿಯ ಮೇಲಿಟ್ಟಿದ್ದರು. ಬಡತನಕ್ಕಲ್ಲ, ಲೋಹದ ಲಾರಿಯ ಮೇಲಿಟ್ಟರೆ ಅಲೆಗಳು ಅದಕ್ಕೆ ಬಡಿದು ಅಳತೆ ಕೆಡುತ್ತಿತ್ತು, ಮರದ ಗಾಡಿಗೆ ಆ ರೋಗವಿಲ್ಲ. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ರಿಂದ ಒಂದು ವರ್ಷ, ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳವೂ ಸೇರಿ ಆರು ರಾಜ್ಯಗಳ 2,400 ಹಳ್ಳಿಗಳ ಜನ ಅಮೆರಿಕದಿಂದ ಕಡ ತಂದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟೀವಿ ನೋಡಿದರು, ಕನ್ನಡದಲ್ಲೂ ತೆಲುಗಿನಲ್ಲೂ. ಅವರ ಡಿಶ್ ಕೋಳಿ ಗೂಡಿನ ಜಾಲರಿಯದು, ಮೂರು ಮೀಟರು ಅಗಲ.

ಅಳಿಯನ ಹಲಗೆಯನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ತರುವಂತಿರಲಿಲ್ಲ. ನಮ್ಮಲ್ಲಿ ಪರವಾನಗಿಯಿಲ್ಲದೆ ಉಪಗ್ರಹ ಸಲಕರಣೆ ಬಳಸುವುದು ಅಪರಾಧ. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಕೊಡುವ ಇನ್‌ಸ್ಪೇಸ್ ಸಂಸ್ಥೆಯ ಒಪ್ಪಿಗೆ ಜುಲೈನಲ್ಲಿ. ಅದರಾಚೆಗೆ ತರಂಗಾಂತರದ ಹಂಚಿಕೆ, ಭದ್ರತಾ ಪರೀಕ್ಷೆ. ಮಾಹಿತಿ ದೇಶದೊಳಗಿನ ನೆಲಕೇಂದ್ರದ ಮೂಲಕವೇ ಹಾಯಬೇಕೆಂಬ ಷರತ್ತೂ ಇದೆ. ಆಕಾಶಕ್ಕೆ ಗಡಿಯಿಲ್ಲ ಎನ್ನುವುದು ಕವಿಗಳ ಮಾತು.

ಕಲ್ಯಾಣದುರ್ಗ ದಾಟಿ ಕೊನೆಗೂ ಒಂದು ಹುಣಸೆ ಮರದ ಕೆಳಗೆ ನಿಂತೆವು, ಮಕ್ಕಳ ಹಟಕ್ಕೆ. ಅಲ್ಲಿ ಆಗಲೇ ಒಂದು ಕುರಿಮಂದೆ ಬಿಡಾರ ಹೂಡಿತ್ತು. ಈ ಸೀಮೆಯ ನಿಜವಾದ ಮೋಟರ್‌ಹೋಮ್ ಅದು: ಕತ್ತೆಯ ಬೆನ್ನ ಮೇಲೆ ಮನೆ, ಮಂದೆ ನಿಂತ ಹೊಲವೇ ಊರು. ಬಿಸಿಲಲ್ಲಿ ಒರಗಿಸಿಟ್ಟ ಅಂಗೈ ಅಗಲದ ಸೋಲಾರ್ ತಟ್ಟೆಯಿಂದ ಒಂದು ವೈರು ಬ್ಯಾಟರಿಗೆ ಹೋಗಿತ್ತು. ಡಿಶ್ಶೇ ಬೇಡ, ಸಾದಾ ಫೋನೇ ಉಪಗ್ರಹದ ಜೊತೆ ಮಾತಾಡುವ ಕಾಲ ಬರುತ್ತಿದೆ ಎಂದು ಅಳಿಯ ಅವರಿಗೆ ಹೇಳತೊಡಗಿದ. ಸುಳ್ಳೇನಲ್ಲ. 2025ರ ಡಿಸೆಂಬರ್ 24ರಂದು ಶ್ರೀಹರಿಕೋಟಾದಿಂದ ಎಲ್‌ವಿಎಂ-3 ರಾಕೆಟ್ಟು ಏರಿಸಿದ ಬ್ಲೂಬರ್ಡ್ ಉಪಗ್ರಹ ಆ ಕೆಲಸದ್ದೇ. ಫೋನಿನ ಆಂಟೆನಾ ಬೆರಳಷ್ಟು, ಅದರ ಪಿಸುಮಾತು ಕೇಳಿಸಬೇಕಾದರೆ ಕೇಳುವವನ ಕಿವಿ ದೊಡ್ಡದಿರಬೇಕು. ಹಾಗಾಗಿ ಅಲ್ಲಿ ಆಂಟೆನಾಗಳ ಸಾಲು ಗಾಡಿಯ ಮೇಲಲ್ಲ, ಆರು ಟನ್ನಿನ ಉಪಗ್ರಹದಲ್ಲೇ ಮನೆಯ ಅಂಗಳಕ್ಕಿಂತ ಅಗಲವಾಗಿ ಹರಡಿಕೊಳ್ಳುತ್ತದೆ.

ಕುರಿ ಕಾಯುವ ಹಿರಿಯ ಎಲ್ಲ ಕೇಳಿಸಿಕೊಂಡ. “ಅದಕ್ಕೂ ಮರ ಆಗಲ್ವಾ?” ಎಂದ.

“ಮರದ ಕೆಳಗೆ ಕಷ್ಟ, ಅಜ್ಜಾ. ಬಯಲಿಗೆ ಬರಬೇಕು.”

ಹಿರಿಯ ನಕ್ಕು ಮೇಲೆ ಕೈ ತೋರಿಸಿದ. ಹುಣಸೆಯ ಎತ್ತರದ ಕವಲಿನಲ್ಲಿ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು, ಅದರೊಳಗೆ ಫೋನು. “ನಮ್ದು ತಿರುಗು ಮುರುಗು ನೋಡಪ್ಪ. ಬಯಲಾಗೆ ಒಂದು ಕಡ್ಡೀನೂ ಬರಲ್ಲ, ಮರದ ಮ್ಯಾಲೆ ಎರಡು ಬರ್ತವೆ. ಗಂಟೆ ಹೊಡದ್ರೆ ಹುಡುಗ ಹತ್ತುತಾನೆ.”