ಗ್ಯಾಸ್ ತುಂಬಿಸುವ ಮುಂಚೆ: ಜತ್ತ ಸೀಮೆಯ ಫ್ರಿಜ್ ರಿಪೇರಿ ಕಸುಬು

ಏಪ್ರಿಲ್ ಬಂತೆಂದರೆ ಜತ್ತ ತಾಲ್ಲೂಕಿನ ಫ್ರಿಜ್ ಮೆಕ್ಯಾನಿಕ್‌ಗಳ ಫೋನಿಗೆ ಬಿಡುವಿಲ್ಲ. ಸಂಖದಿಂದ ಒಂದು ಕರೆ, ಉಮದಿಯಿಂದ ಇನ್ನೊಂದು, ಮಾಡಗ್ಯಾಳದ ಆಚೆಯ ತೋಟದ ವಸ್ತಿಯಿಂದ ಮತ್ತೊಂದು. ದೂರು ಮಾತ್ರ ಎಲ್ಲರದೂ ಒಂದೇ: "ಫ್ರಿಜ್ ಕೂಲಿಂಗ್ ಮಾಡವಲ್ದು ನೋಡ್ರಿ." ಅದರ ಬೆನ್ನಿಗೇ ಕೇಳುವ ಪ್ರಶ್ನೆಯೂ ಒಂದೇ: "ಗ್ಯಾಸ್ ಖಾಲಿ ಆಗ್ಯಾದೇನ್ರಿ?"

ಹೆಚ್ಚಿನ ಸಲ ಗ್ಯಾಸ್ ಎಲ್ಲಿಯೂ ಹೋಗಿರುವುದಿಲ್ಲ. ತಂಪು ಕೈಕೊಡುವುದು ಕರೆಂಟಿನಿಂದ, ಧೂಳಿನಿಂದ, ಸರಿಯಾಗಿ ಮುಚ್ಚದ ಬಾಗಿಲಿನಿಂದ, ಕಟ್ಟಿಕೊಂಡ ಮಂಜುಗಡ್ಡೆಯಿಂದ. ಇವನ್ನೆಲ್ಲ ಒಂದೊಂದಾಗಿ ನೋಡಿ, ಕೊನೆಗೆ ಮಾತ್ರ ಗ್ಯಾಸಿನ ಕಡೆ ಹೋಗುವವನೇ ಒಳ್ಳೆಯ ಮೆಕ್ಯಾನಿಕ್. ಆ ಕ್ರಮ ಮನೆಯವರಿಗೂ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ, ಫ್ರಿಜ್ಜಿನ ಆಯುಷ್ಯವೂ ಹೆಚ್ಚುತ್ತದೆ.

ಗಡಿಯ ನಾಡು, ಬಿಸಿಲಿನ ನಾಡು

ಜತ್ತ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ತಾಲ್ಲೂಕು. ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಸೀಮೆ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇದೇ ತಾಲ್ಲೂಕಿನ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಕರ್ನಾಟಕದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಗಡಿಯ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮೆಕ್ಯಾನಿಕ್ ಒಂದು ಮನೆಯಲ್ಲಿ ಕನ್ನಡ ಮಾತಾಡಿ, ಮುಂದಿನ ಮನೆಯಲ್ಲಿ ಮರಾಠಿ ಮಾತಾಡುತ್ತಾನೆ.

ಮಳೆ ಕಡಿಮೆ, ಬೇಸಿಗೆ ಉದ್ದ, ಧೂಳಂತೂ ಹೇಳತೀರದು. ಊರೊಳಗಿನ ಮನೆಗಳಿಗಿಂತ ಹೊಲದ ವಸ್ತಿಗಳಲ್ಲಿ ಫ್ರಿಜ್ಜಿನ ಪಾಡು ಕಷ್ಟ. ಡಿಪಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಮನೆಯವರೆಗೆ ಉದ್ದಕ್ಕೆ ಎಳೆದ ತೆಳುವಾದ ತಂತಿ, ನಡುನಡುವೆ ಸಡಿಲ ಜೋಡಣೆ, ಪಕ್ಕದ ಹೊಲದ ಬೋರಿನ ಮೋಟರು ಶುರುವಾದರೆ ಮಂಕಾಗುವ ದೀಪ. ಪಂಪ್‌ಸೆಟ್ಟಿನ ಲೈನಿನಿಂದಲೇ ಮನೆಗೂ ಕರೆಂಟ್ ಪಡೆದವರಿಗೆ ದಿನಕ್ಕೆ ಸಿಗುವುದು ಕೆಲವೇ ಗಂಟೆ.

ಭಾರತದಲ್ಲಿ ಗೋದ್ರೇಜ್ ಕಂಪನಿ ಮೊದಲ ಫ್ರಿಜ್ ತಯಾರಿಸಿದ್ದು 1958ರಲ್ಲಿ. ಹಲವು ವರ್ಷ ಅದು ಉಳ್ಳವರ ಮನೆಯ ವಸ್ತುವಾಗಿತ್ತು. ಇಂದು ಎರಡು ಎಮ್ಮೆ ಕಟ್ಟಿಕೊಂಡ ಮನೆಯಲ್ಲೂ ಒಂದು ಬಾಗಿಲಿನ ಚಿಕ್ಕ ಫ್ರಿಜ್ ಇದೆ. ಹಾಲು, ಮೊಸರು, ಬೆಣ್ಣೆ, ಕಾಯಿಪಲ್ಯ ಅದರೊಳಗೆ. ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರ ಇನ್ಸುಲಿನ್ ಕೂಡ ಅಲ್ಲೇ. ಅಂಥ ಮನೆಗೆ ಫ್ರಿಜ್ ಸೌಕರ್ಯವಷ್ಟೇ ಅಲ್ಲ, ಅಗತ್ಯ.

ಒಳಗೆ ನಡೆಯುವುದು ಏನು?

ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಬಾವಿಯ ನೀರನ್ನು ಮೋಟರು ಮೇಲೆತ್ತಿ ಕಾಲುವೆಗೆ ಬಿಡುವ ಹಾಗೆ. ಕೆಳಗೆ ಹಿಂಬದಿಯಲ್ಲಿರುವ ಕಾಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಗ್ಯಾಸ್ ಕಂಡೆನ್ಸರಿನ ಕೊಳವೆಗಳಲ್ಲಿ ಹರಿದು, ಮೈಯ ಬಿಸಿಯನ್ನು ಅಡುಗೆಮನೆಯ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ತೇವ ಮತ್ತು ಕಸ ಹಿಡಿಯುವ ಫಿಲ್ಟರ್ ದಾಟಿ, ಕ್ಯಾಪಿಲರಿ ಎಂಬ ಸಣ್ಣ ನಳಿಕೆಯಲ್ಲಿ ನುಗ್ಗಿದಾಗ ಒತ್ತಡ ಥಟ್ಟನೆ ಇಳಿಯುತ್ತದೆ. ಫ್ರೀಜರಿನ ಕೊಳವೆಗಳಲ್ಲಿ ಅದು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರಿ ಮತ್ತೆ ಕಾಂಪ್ರೆಸರಿಗೆ ಮರಳುತ್ತದೆ.

ಈ ಸುತ್ತು ಪೂರ್ತಿ ಮುಚ್ಚಿದ್ದು. ಗ್ಯಾಸ್ ಸ್ಟೋವಿನ ಸಿಲಿಂಡರಿನಲ್ಲಿರುವಂತೆ ಇದು ಉರಿದು ಮುಗಿಯುವ ಗ್ಯಾಸ್ ಅಲ್ಲ. ಎಲ್ಲೋ ತೂತು ಬಿದ್ದರೆ ಮಾತ್ರ ಕಡಿಮೆಯಾಗುತ್ತದೆ. "ಐದು ವರ್ಷ ಆತು, ಗ್ಯಾಸ್ ಮುಗಿದಿರಬೇಕು" ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಪಾನಾ

ಕಸುಬು ಬಲ್ಲವನು ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಫೋನಿನಲ್ಲೇ ಅರ್ಧ ಕೆಲಸ ಮುಗಿಸುತ್ತಾನೆ. "ಅಕ್ಕಾರ, ಬಾಗಲಾ ತಗದ್ರ ಒಳಗಿನ ಲೈಟ್ ಹತ್ತತೈತೇನ್ರಿ? ಹಿಂದ ಕಿವಿ ಇಟ್ಟು ಕೇಳ್ರಿ, ಗುಂಯ್ ಅಂತೈತೇನು? ಟಕ್ ಅಂತ ಬಂದ್ ಆಗತೈತೇನು?"

ದೀಪವೇ ಹತ್ತದಿದ್ದರೆ ಮೊದಲು ಸಾಕೆಟ್, ಪ್ಲಗ್, ಸ್ಟೆಬಿಲೈಸರ್ ನೋಡಬೇಕು. ದೀಪ ಹತ್ತಿ ಕಾಂಪ್ರೆಸರ್ ಸದ್ದೇ ಮಾಡದಿದ್ದರೆ ತಂಪನ್ನು ಹದದಲ್ಲಿಡುವ ಥರ್ಮೋಸ್ಟಾಟ್, ಕಾಂಪ್ರೆಸರನ್ನು ಶುರು ಮಾಡಿಸುವ ರಿಲೇ, ಅದು ಬಿಸಿಯಾದಾಗ ಕರೆಂಟ್ ಕಡಿಯುವ ಓವರ್‌ಲೋಡ್ ಇವುಗಳ ಮೇಲೆ ಅನುಮಾನ. ಕೆಲವು ಕ್ಷಣ ಗುಂಯ್‌ಗುಟ್ಟಿ ಟಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಆಟ ನಡೆಸಿದರೆ ಒಂದೋ ವೋಲ್ಟೇಜ್ ಇಲ್ಲ, ಇಲ್ಲವೇ ರಿಲೇ ಕೆಟ್ಟಿದೆ.

ಜತ್ತದಂಥ ಕಡೆ ಮೊದಲ ಅನುಮಾನ ವೋಲ್ಟೇಜಿನ ಮೇಲೆಯೇ. ಮನೆಗೆ ಬರಬೇಕಾದದ್ದು 230 ವೋಲ್ಟ್. ಸಂಜೆ ಹೊತ್ತು ಅದು 170ರ ಕೆಳಗಿಳಿದರೆ ಹಳೆಯ ಮಾದರಿಯ ಕಾಂಪ್ರೆಸರ್ ಏಳಲು ಒದ್ದಾಡುತ್ತದೆ. ಶುರುವಾಗುವಾಗ ಅದು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಏಳಲಾಗದೆ ಬಿಸಿಯಾದಾಗ ಓವರ್‌ಲೋಡ್ ಅದನ್ನು ಕಡಿದು ಕಾಪಾಡುತ್ತದೆ. ದಿನವೂ ಹೀಗೇ ಆದರೆ ಒಂದು ದಿನ ಕಾಂಪ್ರೆಸರಿನ ಮೋಟರಿನ ತಂತಿ ಸುರುಳಿಯೇ ಸುಟ್ಟುಹೋಗುತ್ತದೆ. ಸಾಕೆಟ್ಟಿನಲ್ಲಿ ಮೀಟರ್ ಹಿಡಿದು, ಫ್ರಿಜ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆಂದು ನೋಡಿದರೆ ರೋಗ ತಿಳಿಯುತ್ತದೆ. ಕಂಬದ ಮೇಲಿನ ಸಡಿಲ ಜೋಡಣೆಯನ್ನು ಲೈನ್‌ಮನ್ ಬಿಗಿ ಮಾಡಿದ ಮಾತ್ರಕ್ಕೇ ಸರಿಯಾದ ಫ್ರಿಜ್ಜುಗಳಿವೆ.

ಇನ್ನೊಂದು ಎಚ್ಚರ: ಕರೆಂಟ್ ಹೋಗಿ ತಕ್ಷಣ ಬಂದರೆ ಕೊಳವೆಯೊಳಗಿನ ಒತ್ತಡ ಇನ್ನೂ ಸಮವಾಗಿರುವುದಿಲ್ಲ. 3ರಿಂದ 5 ನಿಮಿಷ ಬಿಟ್ಟು ಸ್ವಿಚ್ ಹಾಕಬೇಕು. ಹಾಗೆ ತಡೆದು ಬಿಡುವ ಸ್ಟೆಬಿಲೈಸರ್ ಕೊಂಡರೆ ಇನ್ನೂ ಒಳ್ಳೆಯದು.

ಅಂಗೈಯಷ್ಟಗಲದ ಪರೀಕ್ಷೆ

ರಿಲೇ ಪರೀಕ್ಷೆ ಕಣ್ಣಾರೆ ನೋಡಬೇಕಾದ ಕೆಲಸ. ಮೆಕ್ಯಾನಿಕ್ ಪ್ಲಗ್ ಕಿತ್ತು, ಕಾಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಲೇಯನ್ನು ಎಳೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಗಲಗಲ ಎಂದರೆ ಅದರೊಳಗಿನ ಬಿಲ್ಲೆ ಒಡೆದಿದೆ ಎಂದು ಅರ್ಥ. ಆಮೇಲೆ ಕಾಂಪ್ರೆಸರಿನ ಮೂರು ಪಿನ್ನುಗಳಿಗೆ ಮೀಟರ್ ಹಿಡಿಯುತ್ತಾನೆ: ಕಾಮನ್, ಸ್ಟಾರ್ಟ್, ರನ್. ಕಾಮನ್–ರನ್ ನಡುವಿನ ಓಮ್ ಕಡಿಮೆ, ಕಾಮನ್–ಸ್ಟಾರ್ಟ್ ನಡುವಿನದು ಹೆಚ್ಚು, ಸ್ಟಾರ್ಟ್–ರನ್ ನಡುವಿನದು ಅವೆರಡರ ಮೊತ್ತಕ್ಕೆ ಸಮ. ಲೆಕ್ಕ ಕೂಡಿ ಬಂದು, ಪಿನ್ನಿನಿಂದ ಕಾಂಪ್ರೆಸರಿನ ಮೈಗೆ ಕರೆಂಟ್ ಹರಿಯದಿದ್ದರೆ ಸುರುಳಿ ನೆಟ್ಟಗಿದೆ. ಹೊಸ ಇನ್ವರ್ಟರ್ ಕಾಂಪ್ರೆಸರುಗಳಲ್ಲಿ ಮೂರೂ ಅಳತೆ ಒಂದೇ ಬರಬೇಕು. ಇಷ್ಟನ್ನೂ ನೋಡದೆ "ಕಾಂಪ್ರೆಸರ್ ಹೋಗೇತಿ" ಎನ್ನುವವನ ಮಾತನ್ನು ನಂಬಬೇಕಿಲ್ಲ.

ಮನೆಯವರೇ ನೋಡಬಹುದಾದ ನಾಲ್ಕು

ಮೊದಲನೆಯದು ಗಾಳಿ. ಬಿಸಿ ಹೊರಗೆ ಹೋಗಲು ಜಾಗ ಬೇಕು. ಫ್ರಿಜ್ ಗೋಡೆಗೆ ಅಂಟಿಕೊಂಡಿರಬಾರದು. ನಾಲ್ಕಾರು ಅಂಗುಲ ದೂರವಿರಲಿ. ಒಲೆಯ ಪಕ್ಕವೂ ಬೇಡ, ಕಿಟಕಿಯಿಂದ ಬಿಸಿಲು ಬೀಳುವ ಮೂಲೆಯೂ ಬೇಡ. ಹಿಂದಿನ ಜಾಲರಿಗೆ ಧೂಳು, ಒಗ್ಗರಣೆಯ ಜಿಡ್ಡು ಮೆತ್ತಿದ್ದರೆ ಪ್ಲಗ್ ಕಿತ್ತು ಮೆತ್ತನೆಯ ಬ್ರಷ್ಷಿನಿಂದ ಕೊಡವಬೇಕು. ಜಾಲರಿ ಕಾಣದ ಹೊಸ ಫ್ರಿಜ್ಜುಗಳಲ್ಲಿ ಕಂಡೆನ್ಸರ್ ಪಕ್ಕದ ಗೋಡೆಯೊಳಗಿರುತ್ತದೆ. ಪಕ್ಕೆ ಬಿಸಿಯಾದರೆ ಹೆದರಬೇಕಿಲ್ಲ, ಅದು ಕೆಲಸ ನಡೆಯುತ್ತಿರುವ ಗುರುತು.

ಎರಡನೆಯದು ಬಾಗಿಲಿನ ರಬ್ಬರ್. ಒಂದು ಕಾಗದದ ಚೂರನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಬಿಸಿಗಾಳಿ ಒಳಗೆ ಹೋಗುತ್ತಿದೆ. ಸುತ್ತಲೂ, ಮುಖ್ಯವಾಗಿ ಮೂಲೆಗಳಲ್ಲಿ, ಹೀಗೆ ನೋಡಬೇಕು. ಉಗುರುಬೆಚ್ಚನೆಯ ಸಾಬೂನು ನೀರಿನಿಂದ ಒರೆಸಿದರೆ ಎಷ್ಟೋ ರಬ್ಬರುಗಳು ಮತ್ತೆ ಕಚ್ಚಿ ಹಿಡಿಯುತ್ತವೆ. ಮುಂದಿನ ಕಾಲುಗಳನ್ನು ತುಸು ಎತ್ತರಿಸಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ.

ಮೂರನೆಯದು ಮಂಜುಗಡ್ಡೆ. ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಅದು ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಲೇ ಡಿಫ್ರಾಸ್ಟ್ ಗುಂಡಿ ಒತ್ತಬೇಕು. ದಪ್ಪ ಗಡ್ಡೆ ತಂಪನ್ನು ಕೆಳಗಿಳಿಯಲು ಬಿಡುವುದಿಲ್ಲ. ಚಾಕುವಿನಿಂದಾಗಲಿ ಸ್ಕ್ರೂಡ್ರೈವರಿನಿಂದಾಗಲಿ ಕೆತ್ತಲೇಬಾರದು. ಅಲ್ಯೂಮಿನಿಯಂ ಹಾಳೆಯೊಳಗೇ ಗ್ಯಾಸಿನ ದಾರಿಯಿದೆ. ಒಂದು ಏಟಿಗೆ ತೂತು ಬಿದ್ದು, ಗಡ್ಡೆ ತೆಗೆಯಲು ಹೋದವರು ಫ್ರೀಜರನ್ನೇ ಕಳೆದುಕೊಳ್ಳುತ್ತಾರೆ.

ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ ಫ್ರಿಜ್ಜಿನ ಲಕ್ಷಣ ಬೇರೆ. ಮೇಲೆ ಐಸ್ ಆಗುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಇಲ್ಲಿ ತಂಪನ್ನು ಕೆಳಗೆ ಕಳಿಸುವುದು ಒಂದು ಚಿಕ್ಕ ಫ್ಯಾನು. ಫ್ಯಾನು ನಿಂತಿರಬೇಕು, ಪಾತ್ರೆ ಅಡ್ಡವಾಗಿ ಗಾಳಿಯ ಕಿಂಡಿ ಮುಚ್ಚಿರಬೇಕು, ಇಲ್ಲವೇ ಫ್ರೀಜರಿನ ಹಿಂದಿನ ತಂಪು ಕೊಳವೆಗಳ ಸುತ್ತ ಗಡ್ಡೆ ಕಟ್ಟಿರಬೇಕು. ಪೂರ್ತಿ ಬಂದ್ ಮಾಡಿ ಒಂದು ದಿನ ಬಾಗಿಲು ತೆರೆದಿಡಿ. ಮತ್ತೆ ಶುರು ಮಾಡಿದಾಗ ಕೆಲವು ದಿನ ಚೆನ್ನಾಗಿ ನಡೆದು ಪುನಃ ಹಾಗೇ ಆದರೆ ದೋಷ ಡಿಫ್ರಾಸ್ಟ್ ಹೀಟರ್, ಸೆನ್ಸರ್ ಅಥವಾ ಟೈಮರಿನಲ್ಲಿದೆ. ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ.

ನಾಲ್ಕನೆಯದು ನಮ್ಮ ರೂಢಿ. ಕಾಯಿಸಿದ ಹಾಲಿನ ಪಾತೇಲಿ ಆರುವ ಮುಂಚೆಯೇ ಒಳಗಿಡುವುದು, ಕಿಕ್ಕಿರಿದು ತುಂಬುವುದು, ಥರ್ಮೋಸ್ಟಾಟಿನ ಗುಂಡಿಯನ್ನು ಸದಾ ಕೊನೆಯ ಅಂಕಿಗೆ ತಿರುಗಿಸಿಡುವುದು. ಗುಂಡಿಯ ಅಂಕಿ ಡಿಗ್ರಿಯಲ್ಲ. ಬೇಸಿಗೆಗೂ ಚಳಿಗೂ ಬೇರೆ ಬೇರೆ ಇಡಬೇಕು. ಲೋಟದ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ನಡುವಿನ ತಟ್ಟೆಯಲ್ಲಿಟ್ಟರೆ ಬೆಳಿಗ್ಗೆ 4 ಡಿಗ್ರಿಯ ಆಸುಪಾಸು ತೋರಿಸಬೇಕು.

ಗ್ಯಾಸ್ ನಿಜವಾಗಿ ಹೋಗಿದ್ದರೆ

ಅದಕ್ಕೂ ಸ್ಪಷ್ಟ ಗುರುತುಗಳಿವೆ. ಕಾಂಪ್ರೆಸರ್ ನಿಲ್ಲದೆ ಓಡುತ್ತದೆ, ಆದರೆ ಕಂಡೆನ್ಸರ್ ಬಿಸಿಯಾಗುವುದಿಲ್ಲ. ಫ್ರೀಜರಿನ ಒಂದು ಮೂಲೆಯಲ್ಲಷ್ಟೇ ಮಂಜು ಕೂರುತ್ತದೆ. ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಪಸೆ ಕಾಣುತ್ತದೆ. ಆಗ ಸರಿಯಾದ ಕೆಲಸವೆಂದರೆ ನೈಟ್ರೋಜನ್ ತುಂಬಿ, ಸಾಬೂನಿನ ನೊರೆ ಹಚ್ಚಿ ತೂತು ಹುಡುಕುವುದು, ಅದನ್ನು ಮುಚ್ಚುವುದು, ಹೊಸ ಫಿಲ್ಟರ್ ಹಾಕುವುದು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ-ತೇವ ಎಳೆದು ತೆಗೆಯುವುದು, ಫ್ರಿಜ್ಜಿನ ಚೀಟಿಯ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಗಿ ಹಾಕುವುದು. ತೇವ ಒಳಗೆ ಉಳಿದರೆ ಕ್ಯಾಪಿಲರಿಯ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಫ್ರಿಜ್ ಒಮ್ಮೆ ತಂಪಾಗಿ, ಒಮ್ಮೆ ನಿಂತು, ಮತ್ತೆ ತಂಪಾಗಿ ಮನೆಯವರನ್ನು ಗೋಳು ಹೊಯ್ದುಕೊಳ್ಳುತ್ತದೆ.

ಯಾವ ಗ್ಯಾಸ್ ಎಂಬುದೂ ಮುಖ್ಯ. ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಹಾಳು ಮಾಡುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿ, 2010ರ ಹೊತ್ತಿಗೆ ಅಂಥ ಗ್ಯಾಸುಗಳ ಬಳಕೆಯನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೆಡುಕಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ವಾತಾವರಣಕ್ಕೆ ಹಗುರ, ಚಿಕ್ಕ ಫ್ರಿಜ್ಜಿಗೆ ಕೆಲವೇ ಹತ್ತು ಗ್ರಾಂ ಸಾಕು. ಆದರೆ ಬೆಂಕಿ ತಗುಲಿದರೆ ಉರಿಯುತ್ತದೆ. ಇಂಥ ಫ್ರಿಜ್ಜನ್ನು ಬಯಲಲ್ಲಿ ಇಲ್ಲವೇ ಕಿಟಕಿ ಬಾಗಿಲು ತೆರೆದು, ಹತ್ತಿರದ ಒಲೆ ಆರಿಸಿ, ಉಳಿದ ಗ್ಯಾಸನ್ನು ಪೂರ್ತಿ ಹೊರಗೆ ಬಿಟ್ಟ ಮೇಲಷ್ಟೇ ಬೆಸುಗೆಗೆ ಕೈ ಹಾಕಬೇಕು. ಅಡುಗೆ ಸಿಲಿಂಡರಿನ ಗ್ಯಾಸನ್ನು ಫ್ರಿಜ್ಜಿಗೆ ತುಂಬುವುದು ಮನೆಗೆ ಅಪಾಯ ತಂದಿಡುವ ಕೆಲಸ.

ಕಲಿತವರ ಕಸುಬು

ಐಟಿಐಗಳಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಎರಡು ವರ್ಷದ ಕೋರ್ಸು. ಹತ್ತನೇ ತರಗತಿ ಪಾಸಾದವರು ಸೇರಬಹುದು. ಹಲವರು ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್ಕಿನ ಕೈಕೆಳಗೆ ಕಲಿತವರು. ಅವರ ಕಿವಿ, ಬೆರಳು ಎರಡೂ ಸೂಕ್ಷ್ಮ, ಆದರೆ ಬದಲಾಗುವ ಗ್ಯಾಸು, ಇನ್ವರ್ಟರ್ ಬೋರ್ಡುಗಳ ವಿದ್ಯೆ ಅಂಗಡಿಯಲ್ಲಿ ತಾನಾಗಿ ಬರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತ ಕೂಲಿಂಗ್ ಕ್ರಿಯಾ ಯೋಜನೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತು. ಅಂಥ ತರಬೇತಿ ಜಿಲ್ಲಾ ಕೇಂದ್ರದಲ್ಲೇ ನಿಲ್ಲದೆ ಜತ್ತದಂಥ ತಾಲ್ಲೂಕಿಗೂ ಬರಬೇಕು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗರಿಗೆ ಅವರ ಮಾತಿನಲ್ಲೇ ಸಿಗಬೇಕು.

ಓದುಗರಿಗೆ ಎರಡು ಮಾತು

ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಫ್ರೀಜರಿನಲ್ಲಿ ಎಂದೂ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬಾರದು.

ಮೆಕ್ಯಾನಿಕ್ "ಗ್ಯಾಸ್ ಹಾಕಬೇಕ್ರಿ" ಎಂದಾಗ ಮೂರು ಪ್ರಶ್ನೆ ಕೇಳಿ: ತೂತು ಎಲ್ಲಿದೆ? ಫಿಲ್ಟರ್ ಹೊಸದು ಹಾಕುತ್ತೀರಾ? ಗ್ಯಾಸ್ ತೂಗಿ ಹಾಕುತ್ತೀರಾ? ಮೂರಕ್ಕೂ ನೇರ ಉತ್ತರ ಕೊಡುವವರಿಗೆ ಕೆಲಸ ಕೊಡಿ, ಅವರು ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ರಿಪೇರಿಯ ತಾರೀಖು, ಹಾಕಿದ ಗ್ಯಾಸಿನ ಹೆಸರು ಮತ್ತು ತೂಕವನ್ನು ಫ್ರಿಜ್ಜಿನ ಹಿಂದೆ ಬರೆಸಿಡಿ. ಮುಂದೆ ಯಾರೇ ರಿಪೇರಿಗೆ ಬಂದರೂ ಆ ಬರಹ ಅವರ ಕೆಲಸಕ್ಕೆ ಬರುತ್ತದೆ.