ಬಿದ್ದದ್ದು ಹೇಗೆಂದು ಬರೆಸಿರಿ

ವಯಸ್ಸಾದವರನ್ನು ಚಿಕಿತ್ಸೆಗೆ ಕರೆತರುವ ಮನೆಯವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಕಾಲು ಜಾರಿ ಬಿದ್ದರು." ವೈದ್ಯರೂ ಅವಸರದಲ್ಲಿ ಅಷ್ಟನ್ನೇ ಬರೆಯುತ್ತಾರೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಮೂಳೆ ಮುರಿದಿದೆ ಎಂದಷ್ಟೇ ಇರುತ್ತದೆ.

ಸುಶ್ರುತಾಚಾರ್ಯರು ಭಗ್ನನಿದಾನದಲ್ಲಿ ಮೂಳೆ ಮುರಿಯುವ ಕಾರಣಗಳನ್ನು ಹೇಳುವಾಗ ಮೊದಲಿಗೆ ಎಣಿಸುವುದೇ 'ಪತನ'ವನ್ನು. ಸಂಧಿಮುಕ್ತ, ಕಾಂಡಭಗ್ನ ಎಂಬ ಭೇದಗಳು ಆ ಬಳಿಕ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-10 ಕೂಡ ಪೆಟ್ಟಿಗೆ ಒಂದು ಸಂಕೇತ, ಪೆಟ್ಟಿನ ಕಾರಣಕ್ಕೆ ಮತ್ತೊಂದು ಸಂಕೇತ ಕೊಡುತ್ತದೆ. ತೊಡೆಮೂಳೆಯ ಕತ್ತು ಮುರಿದರೆ ಎಸ್72.0. ಎಡವಿ ಅಥವಾ ಜಾರಿ ಬಿದ್ದಿದ್ದರೆ ಡಬ್ಲ್ಯೂ01, ಹಾಸಿಗೆಯಿಂದಾದರೆ ಡಬ್ಲ್ಯೂ06, ಮೆಟ್ಟಿಲಿನಿಂದಾದರೆ ಡಬ್ಲ್ಯೂ10. ವಿವರವೇ ಇಲ್ಲದಿದ್ದರೆ ಡಬ್ಲ್ಯೂ19, ಅಂದರೆ 'ಅನಿರ್ದಿಷ್ಟ ಬೀಳುವಿಕೆ'. ಸಂಕೇತ ಹಾಕುವ ಗುಮಾಸ್ತನು ರೋಗಿಯನ್ನು ನೋಡಿರುವುದಿಲ್ಲ. ವೈದ್ಯರು ಬರೆಯದುದನ್ನು ಆತನು ಊಹಿಸುವಂತಿಲ್ಲ.

ಇದು ಕೇವಲ ಕಚೇರಿಯ ವ್ಯವಹಾರವಲ್ಲವೆಂದು ನಾವು ತಡವಾಗಿ ಕಲಿತೆವು. ನಮ್ಮಲ್ಲಿಗೆ ಬರುತ್ತಿದ್ದ ಹಿರಿಯ ತಾಯಿಯೊಬ್ಬರು ಒಂದೇ ವರ್ಷದಲ್ಲಿ ಎರಡು ಸಲ ಬಿದ್ದಿದ್ದರು. ಎರಡೂ ಚೀಟಿಗಳಲ್ಲಿ 'ಬಚ್ಚಲಲ್ಲಿ ಜಾರಿ' ಎಂದಿತ್ತು. ಮೂರನೆಯ ಸಲ ಮಣಿಕಟ್ಟು ಮುರಿದಾಗ ಕುಳಿತು ವಿಚಾರಿಸಿದೆವು. ಮೂರು ಸಲವೂ ನಸುಕಿನಲ್ಲಿ, ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲೆಗಟ್ಟಿ ಬಿದ್ದಿದ್ದರು. ನೆಲ ಒದ್ದೆಯೇ ಇರಲಿಲ್ಲ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ರಕ್ತದೊತ್ತಡ ಅಳೆದರೆ ಬಹಳ ಇಳಿದಿತ್ತು. ಮಾತ್ರೆ ಬರೆದಿದ್ದ ವೈದ್ಯರಿಗೆ ತಿಳಿಸಿದೆವು, ಅವರು ಪ್ರಮಾಣ ತಗ್ಗಿಸಿದರು. ಮೊದಲ ಚೀಟಿಯ ಬರಹ ನಮ್ಮದೇ ಎಂಬುದು ಇಂದಿಗೂ ನಮ್ಮನ್ನು ಕಾಡುತ್ತದೆ.

ಮರಣದ ದಾಖಲೆಯಲ್ಲಿಯೂ ಇದೇ ಲೋಪ ಕಾಣುತ್ತದೆ. ಸೊಂಟದ ಬಳಿ ಮುರಿದು ಹಾಸಿಗೆ ಹಿಡಿದವರು ವಾರಗಳ ಬಳಿಕ ನ್ಯುಮೋನಿಯಾದಿಂದ ತೀರಿಕೊಂಡರೆ, ಮೂಲ ಕಾರಣ ಬಿದ್ದದ್ದೇ. ಪ್ರಮಾಣಪತ್ರದಲ್ಲಿ ನ್ಯುಮೋನಿಯಾ, ಅದರ ಕೆಳಗೆ ಮುರಿತ, ಅದರ ಕೆಳಗೆ ಬಿದ್ದ ಸಂಗತಿ ಎಂದು ಕ್ರಮವಾಗಿ ಬರೆಯಬೇಕು. 'ಹೃದಯ ನಿಂತಿತು' ಎಂದರೆ ಕಾರಣ ಹೇಳಿದಂತಾಗದು. ಪೊಲೀಸ್ ಪಂಚನಾಮೆಗೆ ಅಂಜಿ ಬಿದ್ದುದನ್ನು ಮುಚ್ಚಿಡುವವರೂ ಇದ್ದಾರೆ, ಅದು ಸಲ್ಲದು.

ಭಕ್ತಾದಿಗಳಲ್ಲಿ ನಮ್ಮ ವಿನಂತಿ ಇಷ್ಟು. ಬಿದ್ದವರನ್ನು ಕರೆತರುವಾಗ ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುವಾಗ ಬಿದ್ದರು, ಮೊದಲು ತಲೆ ಸುತ್ತಿತೇ, ಪ್ರಜ್ಞೆ ತಪ್ಪಿತೇ, ಹಿಂದೆಯೂ ಬಿದ್ದಿದ್ದರೇ ಎಂಬುದನ್ನು ತಿಳಿಸಿರಿ. ಯಾರೂ ಕಂಡಿರದಿದ್ದರೆ ಅದನ್ನೇ ಹೇಳಿರಿ. ಮಾತ್ರೆಗಳೆಲ್ಲವನ್ನೂ, ನಾವು ಕೊಟ್ಟ ಚೂರ್ಣ ಕಷಾಯಗಳನ್ನೂ ಸೇರಿಸಿ, ಚೀಲದಲ್ಲಿ ತನ್ನಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟಾಗುವಂತೆ ಬಿದ್ದರೆ, ನೋವಿಲ್ಲವೆಂದರೂ ಕಾಯದೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಒಯ್ಯಿರಿ. ಮನೆಗೆ ಹೊರಡುವ ಮುನ್ನ ಡಿಸ್ಚಾರ್ಜ್ ಚೀಟಿಯನ್ನು ಓದಿಸಿ ಕೇಳಿರಿ. ಬಿದ್ದ ಬಗೆ ಅದರಲ್ಲಿ ಇಲ್ಲದಿದ್ದರೆ ಅಲ್ಲಿಯೇ ಬರೆಸಿಕೊಳ್ಳಿರಿ.